ಮೊದಲು ಯಾರನ್ನು ಓದಲಿ: ಪಿಯರ್ಸನ್ನೋ, ಎಸ್ಪಿಂಗ್-ಆಂಡರ್ಸನ್ನೋ?

ತೌಲನಿಕ ಸಾರ್ವಜನಿಕ ನೀತಿಗೆ (ಬೇರೆ ಬೇರೆ ದೇಶಗಳ ಸರ್ಕಾರಿ ನೀತಿಗಳನ್ನು ಹೋಲಿಸಿ ನೋಡುವ ಅಧ್ಯಯನಕ್ಕೆ) ಹೊಸಬರಾದರೆ ರಾಜ್ಯಶಾಸ್ತ್ರಜ್ಞ ಪಾಲ್ ಪಿಯರ್ಸನ್ ಅವರ 1994ರ ಪುಸ್ತಕದಿಂದಲೇ ಶುರುಮಾಡಿ. ಹೋಲಿಕೆಗೆ ಎರಡೇ ದೇಶ: ರೇಗನ್ ಕಾಲದ ಅಮೆರಿಕ, ಥ್ಯಾಚರ್ ಕಾಲದ ಬ್ರಿಟನ್. ಕಲ್ಯಾಣ ಯೋಜನೆಗಳಿಗೆ ಕತ್ತರಿ ಹಾಕಲು ಹೊರಟ ಇಬ್ಬರಿಗೂ ಅಂದುಕೊಂಡಷ್ಟು ಕತ್ತರಿಸಲಾಗಲಿಲ್ಲ. ಯೋಜನೆಯ ಫಲಾನುಭವಿಗಳೇ ಅದರ ಕಾವಲಿಗೆ ನಿಂತುಬಿಡುತ್ತಾರೆ ಎನ್ನುತ್ತಾರೆ ಪಿಯರ್ಸನ್. ಬ್ರಿಟನ್ನಿನ ಸರ್ಕಾರಿ ಬಾಡಿಗೆ ಮನೆಗಳ ಕಥೆ ಮಾತ್ರ ಬೇರೆ. ಅವನ್ನು ಬಾಡಿಗೆದಾರರಿಗೇ ರಿಯಾಯಿತಿಯಲ್ಲಿ ಮಾರಿದ್ದರಿಂದ ವಿರೋಧದ ಬಲವೇ ಕುಗ್ಗಿತು. ನೀತಿಯೇ ರಾಜಕೀಯವನ್ನು ಹುಟ್ಟಿಸುವ ಬಗೆ ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ಗೋಸ್ಟಾ ಎಸ್ಪಿಂಗ್-ಆಂಡರ್ಸನ್ (ಸಮಾಜಶಾಸ್ತ್ರಜ್ಞರು, ಆದರೂ ರಾಜ್ಯಶಾಸ್ತ್ರದವರು ಇವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ) 1990ರ ಪುಸ್ತಕದಲ್ಲಿ 18 ದೇಶಗಳ ಕಲ್ಯಾಣ ವ್ಯವಸ್ಥೆಗಳನ್ನು ಹೋಲಿಸಿ ಉದಾರವಾದಿ (ಮಾರುಕಟ್ಟೆಯನ್ನೇ ಹೆಚ್ಚು ನೆಚ್ಚುವ), ಸಂಪ್ರದಾಯವಾದಿ (ಉದ್ಯೋಗ, ಕುಟುಂಬಗಳನ್ನು ನೆಚ್ಚುವ), ಸೋಷಿಯಲ್ ಡೆಮಾಕ್ರಟಿಕ್ (ಸರ್ಕಾರವೇ ಎಲ್ಲರಿಗೂ ಸೌಲಭ್ಯ ಕೊಡುವ) ಎಂಬ ಮೂರು ಮಾದರಿ ಗುರುತಿಸಿದರು. ದೊಡ್ಡ ನಕ್ಷೆ ಬೇಕಿದ್ದರೆ ಇದು. ಆದರೆ ಮನೆಯೊಳಗೆ ಹೆಂಗಸರು ಸಂಬಳವಿಲ್ಲದೆ ದುಡಿಯುವುದು ಲೆಕ್ಕಕ್ಕೆ ಬಂದಿಲ್ಲವೆಂಬ ಸ್ತ್ರೀವಾದಿಗಳ ಆಕ್ಷೇಪ ನನಗೂ ಸರಿಯೆನಿಸುತ್ತದೆ.