ಟೆಕ್‌ನು: ಪಾಯ್ಸನ್ ಐವಿಯ ಎಣ್ಣೆ ತೆಗೆಯುವ ದ್ರಾವಣ ಕೊಳ್ಳಬೇಕೇ?

ಸೊನೆ ತಾಗಿದರೆ ಮೈ ಕೆರಳಿಸುವ ಅಮೆರಿಕದ ಬಳ್ಳಿ ಪಾಯ್ಸನ್ ಐವಿ. ಅದರ ಹತ್ತಿರವೂ ಸುಳಿಯದವರಿಗೆ ಗುಳ್ಳೆ ಏಳುವುದುಂಟು. ಅದರ ಸೊನೆಯಲ್ಲಿರುವ ಉರುಶಿಯಾಲ್ ಎಂಬ ಎಣ್ಣೆ ಆರಿಹೋಗುವಂಥದ್ದಲ್ಲ. ಕತ್ತರಿಯ ಹಿಡಿ, ಬೂಟಿನ ದಾರ, ನಾಯಿಯ ರೋಮ, ಕಾರಿನ ಸ್ಟೀರಿಂಗ್, ಫೋನು ಹೀಗೆ ಅಂಟಿಕೊಂಡಲ್ಲೇ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿದು ಮುಟ್ಟಿದವರ ಚರ್ಮಕ್ಕೆ ದಾಟುತ್ತದೆ.

ಇದನ್ನು ತೆಗೆಯಲೆಂದು ಅಮೆರಿಕದ ಔಷಧಿ ಅಂಗಡಿಗಳಲ್ಲಿ ಸಿಗುವುದು ಟೆಕ್‌ನು. 1960ರ ದಶಕದಲ್ಲಿ ವಿಕಿರಣದ ಧೂಳನ್ನು ನೀರಿಲ್ಲದೆ ಒರೆಸಲು ತಯಾರಿಸಿದ ದ್ರಾವಣವಿದು. ಮಿನರಲ್ ಸ್ಪಿರಿಟ್ (ಪೆಟ್ರೋಲಿಯಂನಿಂದ ತೆಗೆದ ದ್ರಾವಕ) ಮತ್ತು ಸಾಬೂನು ಬೆರೆತಿರುವುದರಿಂದ ಎಣ್ಣೆಯನ್ನು ಚೆನ್ನಾಗಿ ಕರಗಿಸುತ್ತದೆ. ಒಣ ಚರ್ಮಕ್ಕೇ ಹಚ್ಚಿ 2 ನಿಮಿಷ ತಿಕ್ಕಿ, ಆಮೇಲೆ ತಣ್ಣೀರಿನಲ್ಲಿ ತೊಳೆಯಬೇಕು. ಕೈ ಮೊದಲೇ ಒದ್ದೆಯಾಗಿದ್ದರೆ ದ್ರಾವಣ ತೆಳುವಾಗಿ ಅರ್ಧ ಕೆಲಸವೂ ಆಗದು. 8 ಗಂಟೆಯೊಳಗೆ ಬಳಸಬಹುದೆಂದು ಲೇಬಲ್ ಹೇಳಿದರೂ ಅಷ್ಟು ಕಾಯಲೇಬೇಡಿ. ಚರ್ಮದೊಳಕ್ಕೆ ಇಳಿದ ಎಣ್ಣೆ ಎಷ್ಟು ತೊಳೆದರೂ ಹೊರಬರದು.

ಇನ್ನು ಬೆಲೆಯ ಮಾತು. 2000ದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಎಣ್ಣೆ ಹಚ್ಚಿ 2 ಗಂಟೆಯ ಬಳಿಕ ತೊಳೆದು ನೋಡಿದರು. ತೊಳೆಯದ ಚರ್ಮಕ್ಕೆ ಹೋಲಿಸಿದರೆ ಟೆಕ್‌ನು ಸುಮಾರು 70 ಶೇಕಡಾ ರಕ್ಷಣೆ ಕೊಟ್ಟಿತು, ಮೆಕ್ಯಾನಿಕ್‌ಗಳ ಗ್ರೀಸ್ ತೆಗೆಯುವ ಗೂಪ್ 62, ಡಯಲ್ ಎಂಬ ಪಾತ್ರೆ ಸೋಪು 56. ಈ ಅಂತರ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಗಣನೀಯವಲ್ಲ, ಆದರೆ ಬೆಲೆಯ ಅಂತರ ಹಲವು ಪಟ್ಟು. ಹಾಗಾಗಿ ನಲ್ಲಿ ಹತ್ತಿರವಿದ್ದರೆ ಪಾತ್ರೆ ಸೋಪು ಮತ್ತು ಒರಟು ಬಟ್ಟೆ ಸಾಕು. ಬೆರಳ ಸಂದು, ಉಗುರಿನಡಿ, ಮಣಿಕಟ್ಟು ಬಿಡದೆ ಉಜ್ಜಬೇಕು, ಉಜ್ಜುವುದೇ ಮುಖ್ಯ. ನೀರು ಸಿಗದ ಕಾಡುದಾರಿಗೆ ಹೋಗುವವರಿಗೆ ಮಾತ್ರ ಟೆಕ್‌ನು ಕೊಟ್ಟ ದುಡ್ಡಿಗೆ ಮೋಸವಿಲ್ಲ, ಬಟ್ಟೆಯಿಂದ ಒರೆಸಿದರೂ ನಡೆಯುತ್ತದೆ.

ನಾಲ್ಕು ದಿನದ ನಂತರ ಹೊಸ ಗುಳ್ಳೆ ಬಂದರೆ ಬಾಟಲಿಯನ್ನು ಬೈಯುವವರಿದ್ದಾರೆ. ಗುಳ್ಳೆಯ ನೀರಿನಲ್ಲಿ ಎಣ್ಣೆ ಇರುವುದಿಲ್ಲ, ಅದರಿಂದ ಹರಡುವುದೂ ಇಲ್ಲ. ದಪ್ಪ ಚರ್ಮದಲ್ಲಿ ಗುಳ್ಳೆ ತಡವಾಗಿ ಏಳುತ್ತದೆ, ಇಲ್ಲವೇ ತೊಳೆಯದ ಹಿಡಿಯನ್ನು ಮತ್ತೆ ಮುಟ್ಟಿರುತ್ತೀರಿ. ಉಪಕರಣಗಳನ್ನೂ ಒರೆಸಿ. ಬಟ್ಟೆಯನ್ನು ಬೇರೆಯಾಗಿ ಬಿಸಿನೀರಿನಲ್ಲಿ ಒಗೆಯಿರಿ. ಲ್ಯಾಟೆಕ್ಸ್ ಕೈಗವಸಿನ ಮೂಲಕ ಎಣ್ಣೆ ಇಳಿಯುತ್ತದೆ, ದಪ್ಪ ವಿನೈಲ್ ಒಳ್ಳೆಯದು.

ಊರಲ್ಲಿ ಗೇರುಸಿಪ್ಪೆಯ ಎಣ್ಣೆಗೋ ಕೇರುಬೀಜದ ರಸಕ್ಕೋ ಮೈ ಕೆರಳಿದ್ದವರಿಗೆ ಹೆಚ್ಚಿನ ಎಚ್ಚರ ಬೇಕು. ಮೂರೂ ಒಂದೇ ಕುಟುಂಬದ ಸಸ್ಯಗಳು, ಪಾಯ್ಸನ್ ಐವಿ ಮೊದಲ ಸಲ ತಾಗಿದಾಗಲೇ ಗುಳ್ಳೆ ಏಳಬಹುದು. ಬಾಟಲಿ ಕೊಂಡರೆ ಬಚ್ಚಲಲ್ಲಿ ಇಡಬೇಡಿ, ಗ್ಯಾರೇಜಿನ ಹೊರಬಾಗಿಲ ಬಳಿ ಇಡಿ: ಬಾಗಿಲ ಹಿಡಿ ಮುಟ್ಟುವ ಮೊದಲೇ ಕೈಗೆ ಸಿಗಬೇಕು.