ಅಪ್ರೆಂಟಿಸ್ ಆಯ್ಕೆಗೆ ಅಂಕಪಟ್ಟಿಯೋ, ಸಾಮರ್ಥ್ಯ ಪರೀಕ್ಷೆಯೋ, ಕೈಕೆಲಸವೋ?

ನಿಮ್ಮ ವರ್ಕ್‌ಶಾಪಿಗೆ ನಾಲ್ವರು ಫಿಟ್ಟರ್ ಅಪ್ರೆಂಟಿಸ್‌ಗಳನ್ನು ಹೇಗೆ ಆರಿಸಲಿ ಎಂದು ಕೇಳಿದ್ದೀರಿ.

ಖರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ಅಗ್ಗ. ಸಾಮರ್ಥ್ಯ ಪರೀಕ್ಷೆಗೆ ಒಂದು ಕೊಠಡಿ, ಒಂದು ತಾಸು ಸಾಕು. ಐವತ್ತು ಮಂದಿಯನ್ನು ಒಟ್ಟಿಗೇ ಕೂರಿಸಬಹುದು. ಕೈಕೆಲಸ ನೋಡಬೇಕೆಂದರೆ ತುಂಡನ್ನು ಬಿಗಿಹಿಡಿಯುವ ವೈಸ್, ಉಜ್ಜುವ ಅರ, ಕಬ್ಬಿಣದ ತುಂಡು, ಪಕ್ಕದಲ್ಲಿ ನಿಲ್ಲಲು ಒಬ್ಬ ಮೇಸ್ತ್ರಿ ಬೇಕು.

ಅಂಕಪಟ್ಟಿ ಓದಿನ ಶ್ರದ್ಧೆಯನ್ನು ತೋರಿಸುತ್ತದೆ, ಕೈಯ ಹದವನ್ನಲ್ಲ. ಬಿಚ್ಚಿದ ಪೆಟ್ಟಿಗೆ ಮಡಚಿದರೆ ಹೇಗೆ ಕಾಣುತ್ತದೆ, ಮೂರನೆಯ ಹಲ್ಲುಚಕ್ರ ಯಾವ ಕಡೆ ತಿರುಗುತ್ತದೆ ಎಂಬಂಥ ಸಾಮರ್ಥ್ಯ ಪ್ರಶ್ನೆಗಳು ಡ್ರಾಯಿಂಗ್ ಓದುವ ಶಕ್ತಿಯನ್ನು ತಿಳಿಸುತ್ತವೆ. ಆದರೆ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿದ್ದರೆ ನೀವು ಅಳೆಯುವುದು ಇಂಗ್ಲಿಷನ್ನೇ. ದಯವಿಟ್ಟು ಕನ್ನಡದಲ್ಲಿ, ಆದಷ್ಟು ಚಿತ್ರಗಳಲ್ಲಿ ಕೊಡಿ. ಮಾದರಿ ಹಾಳೆಯನ್ನು ಎಲ್ಲರಿಗೂ ಮೊದಲೇ ಹಂಚಿ. ಇಲ್ಲದಿದ್ದರೆ ಕೋಚಿಂಗ್‌ಗೆ ಹೋದವರಿಗೇ ಲಾಭ.

ಕೈಕೆಲಸದಲ್ಲೂ ಪಕ್ಷಪಾತವಿದೆ. ಅಪ್ಪನ ಗ್ಯಾರೇಜಿನಲ್ಲಿ ಬೆಳೆದವನು ಮುಂದಿರುತ್ತಾನೆ, ಅರ ಹಿಡಿದೇ ನೋಡದ ಹುಡುಗಿ ಹಿಂದುಳಿಯುತ್ತಾಳೆ. ಅದಕ್ಕೆ ಒಮ್ಮೆ ಕಲಿಸಿ, ಎರಡು ಸಲ ಮಾಡಿಸಿ, ಎರಡನೆಯ ಸಲ ಎಷ್ಟು ಸುಧಾರಿಸಿದರು ನೋಡಿ. ನನ್ನ ಮಟ್ಟಿಗೆ ಇದೇ ನ್ಯಾಯ.

ಅರ್ಜಿಗಳು ಹತ್ತೇ ಇದ್ದರೆ ನೇರ ಕೈಕೆಲಸಕ್ಕೆ ಹೋಗಿ. ನೂರಿದ್ದರೆ ಸಾಮರ್ಥ್ಯ ಪರೀಕ್ಷೆಯಿಂದ ಸೋಸಿ, ಉಳಿದವರಿಗೆ ಕೈಕೆಲಸ ಕೊಡಿ. ಫಿಟ್ಟರ್ ಬಿಟ್ಟು ಬೇರೆ ಕೆಲಸಕ್ಕೆ ಆರಿಸುವಾಗ, ಸಿಎನ್‌ಸಿಗೆ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಸಾಮರ್ಥ್ಯ ಪರೀಕ್ಷೆಯ ತೂಕ ಹೆಚ್ಚಿರಲಿ, ವೆಲ್ಡಿಂಗ್‌ಗೆ ಕೈಕೆಲಸದ್ದು. ಐಟಿಐ ಮುಗಿಸಿದವರಾದರೆ ಅಲ್ಲಿನ ಪ್ರಾಯೋಗಿಕ ಅಂಕಗಳನ್ನೂ ನೋಡಿ. ವಯಸ್ಸಿನ ದಾಖಲೆ ಮರೆಯಬೇಡಿ: 1961ರ ಅಪ್ರೆಂಟಿಸ್ ಕಾಯ್ದೆಯಂತೆ 14 ತುಂಬಿರಬೇಕು, ಅಪಾಯಕಾರಿ ಕೆಲಸಕ್ಕೆ 18.