ಹಗಲಲ್ಲಿ ಮೋಟಾರ್ ತಿರುಗಿದ್ದು ನೋಡಿ ದೊಡ್ಡ ಟೆಲಿಸ್ಕೋಪ್ ಕೊಳ್ಳಬೇಡಿ

ಸೆಕೆಂಡ್ ಹ್ಯಾಂಡ್ ಗೋ-ಟು ಟೆಲಿಸ್ಕೋಪ್, ಅಂದರೆ ಕೇಳಿದ ನಕ್ಷತ್ರದ ಕಡೆ ಮೋಟಾರಿನಲ್ಲಿ ತಾನೇ ತಿರುಗುವಂಥದ್ದು, ಕೊಳ್ಳುವ ಯೋಚನೆ ಇದ್ದರೆ ದುಡ್ಡು ಕೊಡುವ ಮೊದಲು ಇದನ್ನೊಮ್ಮೆ ಓದಿ.

ನಾನು ಕೊಂಡಿದ್ದು 11 ಇಂಚಿನ ಶ್ಮಿಟ್-ಕ್ಯಾಸೆಗ್ರೇನ್, ಕನ್ನಡಿ ಮತ್ತು ಮುಂದೊಂದು ಗಾಜು ಇರುವ ಗಿಡ್ಡ ಟ್ಯೂಬಿನ ಟೆಲಿಸ್ಕೋಪ್. ಹಳೆಯದು. ಕಂಪ್ಯೂಟರ್ ಇರುವ ಫೋರ್ಕ್ ಮೌಂಟಿಗೇ (ಟ್ಯೂಬನ್ನು ಹಿಡಿದು ತಿರುಗಿಸುವ ಕವೆಯಂಥ ಬುಡ) ಟ್ಯೂಬನ್ನು ಬಿಗಿದಿರುವ ಮಾದರಿ. ಕತ್ತಲಲ್ಲಿ ಪೂರ್ತಿ ಅರಳಿದ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್, ಇದರ ಬಾಯಿ 280. ಅಗಲ 40 ಪಟ್ಟು ಅಂದರೆ ಹಿಡಿಯುವ ಬೆಳಕು 1600 ಪಟ್ಟು. ವರ್ಷಗಟ್ಟಲೆ ಚಿಕ್ಕ ಟೆಲಿಸ್ಕೋಪಿನಲ್ಲಿ ನೋಡಿದ್ದ ನನಗೆ ಆ ಲೆಕ್ಕವೇ ತಲೆಯಲ್ಲಿ ಕೂತುಬಿಟ್ಟಿತ್ತು. ಮಾರುವವರು ಮಧ್ಯಾಹ್ನ ಕರೆದು, ಸ್ವಿಚ್ ಹಾಕಿ, ನಾಲ್ಕೂ ಕಡೆ ತಿರುಗಿಸಿ ತೋರಿಸಿದರು. ಕನ್ನಡಿಗೆ ಓರೆಯಾಗಿ ಟಾರ್ಚ್ ಬಿಟ್ಟು ಬೂಷ್ಟು ಇದೆಯಾ ಅಂತ ನೋಡಿದೆ, ಇರಲಿಲ್ಲ. ರಾತ್ರಿ ಬರುತ್ತೇನೆ, ಒಂದೇ ಒಂದು ನಕ್ಷತ್ರ ಹಿಡಿದು ತೋರಿಸಿ ಅಂತ ಕೇಳಲೇ ಇಲ್ಲ. ಅದರ ಜೊತೆ ಬಂದಿದ್ದ ಅಡಾಪ್ಟರ್ ಕೂಡ ಅವರ ಹತ್ತಿರ ಇರಲಿಲ್ಲ. ಯಾವುದೋ ಬ್ಯಾಟರಿಗೆ ತಂತಿ ಕೊಟ್ಟು ತೋರಿಸಿದ್ದರು. ಯಾವುದಾದರೂ 12 ವೋಲ್ಟ್ ಅಡಾಪ್ಟರ್ ನಡೆಯುತ್ತದೆ ಅಂದರು. ನಂಬಿದೆ.

ತೂಕದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಟ್ಯೂಬು, ಫೋರ್ಕು ಸೇರಿ ಸುಮಾರು 30 ಕಿಲೋ. ಅದನ್ನು ಎದೆಮಟ್ಟಕ್ಕೆ ಎತ್ತಿ, ಕತ್ತಲಲ್ಲಿ ಟ್ರೈಪಾಡಿನ ನಡುವಿನ ಮೊಳೆಗೆ ಸರಿಯಾಗಿ ಕೂರಿಸಬೇಕು. ಒಬ್ಬರೇ ಮಾಡಬೇಡಿ.

ಮೊದಲ ರಾತ್ರಿ ಪೂರ್ತಿ ಅಲೈನ್‌ಮೆಂಟಿನಲ್ಲೇ, ಅಂದರೆ ದಿನಾಂಕ, ಸಮಯ ಕೊಟ್ಟು ಗೊತ್ತಿರುವ ನಕ್ಷತ್ರ ಹಿಡಿಸಿ ಯಂತ್ರಕ್ಕೆ ಆಕಾಶ ಪರಿಚಯಿಸುವುದರಲ್ಲೇ ಹೋಯಿತು. ಅವತ್ತು ಮಾರ್ಚ್ 5. ಸ್ವಾತಿ ನಕ್ಷತ್ರ ಪೂರ್ವದಲ್ಲಿ ಆಗಷ್ಟೇ ಮೇಲೆದ್ದಿತ್ತು. ಯಂತ್ರ ಮಾತ್ರ ಸ್ವಾತಿ ಹುಡುಕಿಕೊಂಡು ಎತ್ತೆತ್ತಲೋ ಮೇಲಕ್ಕೆ ಹೋಗಿ ನಿಂತಿತು. ಮತ್ತೆ ಮಾಡಿದೆ, ಮತ್ತೆ ಅದೇ. ಯಂತ್ರಕ್ಕೆ ಆಜ್ಞೆ ಕೊಡುವ ಆ ಹ್ಯಾಂಡ್‌ಸೆಟ್ ತಿಂಗಳನ್ನು ಮೊದಲು, ದಿನವನ್ನು ಆಮೇಲೆ ಕೇಳುತ್ತದೆ, ನಾನು 05-03 ಅಂತ ಕೊಟ್ಟಿದ್ದೆ. ಅದಕ್ಕೆ ಅದು ಮೇ 3. ಎರಡು ತಿಂಗಳ ವ್ಯತ್ಯಾಸ ಅಂದರೆ ಆಕಾಶ ಸುಮಾರು 58 ಡಿಗ್ರಿ ತಿರುಗಿದ ಹಾಗೆ. ಗಡಿಯಾರ 4 ನಿಮಿಷ ತಪ್ಪಿದರೂ 1 ಡಿಗ್ರಿ ಆಚೀಚೆ ಆಗುತ್ತದೆ. ಫೋಕಲ್ ಉದ್ದ 2800 ಮಿಲಿಮೀಟರ್ ಇರುವ ಇಂಥದ್ದರಲ್ಲಿ ಸಾಮಾನ್ಯ 25 ಮಿಲಿಮೀಟರ್ ಐಪೀಸ್ (ಕಣ್ಣಿಟ್ಟು ನೋಡುವ ಲೆನ್ಸ್) ಹಾಕಿದರೆ 112 ಪಟ್ಟು ದೊಡ್ಡದಾಗಿ ಕಾಣುತ್ತದೆ, ಹುಣ್ಣಿಮೆ ಚಂದ್ರನೇ ಪೂರ್ತಿ ಹಿಡಿಸುವುದಿಲ್ಲ. 1 ಡಿಗ್ರಿ ತಪ್ಪಿದರೆ ನಕ್ಷತ್ರ ಸುತ್ತಮುತ್ತ ಎಲ್ಲೂ ಇರುವುದಿಲ್ಲ, ಅಷ್ಟೇ. ಚಿಕ್ಕ ಟೆಲಿಸ್ಕೋಪಿನಲ್ಲಿ ಇದು ಅಷ್ಟಾಗಿ ಕಾಡುವುದಿಲ್ಲ, ದೊಡ್ಡದರಲ್ಲಿ ಜಾಸ್ತಿ.

ಅದು ನನ್ನ ತಪ್ಪು, ಸರಿಮಾಡಿಕೊಂಡೆ. ಎರಡನೇ ರಾತ್ರಿ ಆಗಿದ್ದಕ್ಕೆ ಪರಿಹಾರವೇ ಸಿಗಲಿಲ್ಲ.

ಬ್ಯಾಟರಿ ಇಳಿದಿತ್ತು. ತುದಿ ಬದಲಾಯಿಸಿ ಹಾಕುವ ಅಡಾಪ್ಟರ್ ಬರುತ್ತದಲ್ಲ, ಅದನ್ನು ತಂದೆ. 12 ವೋಲ್ಟ್‌ಗೆ ಇಟ್ಟೆ, ತುದಿ ಸರಿಯಾಗಿ ಕೂತಿತು. ಆ ತುದಿಯನ್ನು ಎರಡು ರೀತಿ ಹಾಕಬಹುದು ಅನ್ನುವುದು ಗಮನಕ್ಕೇ ಬರಲಿಲ್ಲ. ನಡುವಿನ ಪಿನ್ ಪ್ಲಸ್ ಇರಬೇಕಿತ್ತು, ಮೈನಸ್ ಆಗಿತ್ತು. ಸ್ವಿಚ್ ಹಾಕಿದೆ, ದೀಪ ಬರಲಿಲ್ಲ, ಕೆಲವೇ ಕ್ಷಣದಲ್ಲಿ ಫೋರ್ಕಿನ ಬುಡದಿಂದ ಸುಟ್ಟ ವಾಸನೆ. ಉಲ್ಟಾ ಕರೆಂಟ್ ಹೋದರೆ ತಡೆಯುವ ವ್ಯವಸ್ಥೆ ಎಲ್ಲಾ ಮೌಂಟಿನಲ್ಲೂ ಇರುವುದಿಲ್ಲ, ನನ್ನದರಲ್ಲಿ ಇರಲಿಲ್ಲ. ಮೋಟಾರ್ ಬೋರ್ಡ್ ಹೋಯಿತು. ಆ ಮಾದರಿ ಮಾಡುವುದನ್ನೇ ನಿಲ್ಲಿಸಿ ವರ್ಷಗಳಾಗಿವೆ, ಎಷ್ಟು ಹುಡುಕಿದರೂ ಬೋರ್ಡ್ ಸಿಗಲಿಲ್ಲ. ಮಾರಿದವರು ಫೋನ್ ಎತ್ತುವುದನ್ನು ಬಿಟ್ಟರು.

ಕ್ಲಚ್ ಸಡಿಲಿಸಿ ಕೈಯಲ್ಲೇ ಒರಾಯನ್ ನೆಬ್ಯುಲಾದ ಕಡೆ ತಿರುಗಿಸಿದೆ. ಸುಮಾರು 1300 ಜ್ಯೋತಿರ್ವರ್ಷ ದೂರದ ಮೋಡ, ನಡುವೆ ನಾಲ್ಕು ಪುಟ್ಟ ನಕ್ಷತ್ರ ಸೂಜಿಮೊನೆಯಂತೆ. ಅಂಥ ನೋಟ ನಾನು ಹಿಂದೆಂದೂ ಕಂಡಿರಲಿಲ್ಲ. ಭೂಮಿ ತಿರುಗುತ್ತಲೇ ಇರುತ್ತದೆ, ಅದಕ್ಕೆ ತಕ್ಕ ಹಾಗೆ ಟ್ಯೂಬು ತಿರುಗಿಸಲು ಮೋಟಾರ್ ಇಲ್ಲ, ಎರಡು ನಿಮಿಷದೊಳಗೆ ಆ ನಾಲ್ಕೂ ಅಂಚು ದಾಟಿ ಹೋದವು. ಮತ್ತೆ ತಳ್ಳು, ಮತ್ತೆ ಹುಡುಕು. ಗಾಜಿಗೆ ಏನೂ ಆಗಿಲ್ಲ ನೋಡಿ, ಅದು ಇನ್ನೂ ಎಷ್ಟೋ ವರ್ಷ ಬಾಳುತ್ತದೆ. ಸತ್ತಿದ್ದು ಅಂಗೈ ಅಗಲದ ಬೋರ್ಡ್. ಅದಕ್ಕೇ ಹೊಟ್ಟೆ ಉರಿಯುವುದು.

ಹಾಗಾಗಿ ಹೇಳುತ್ತಿದ್ದೇನೆ, ದೊಡ್ಡದು ಬೇಕಿದ್ದರೆ ಟ್ಯೂಬು ಬೇರೆ, ಮೌಂಟು ಬೇರೆ ಆಗುವಂಥದ್ದು ನೋಡಿ, ಒಂದು ಹೋದರೆ ಇನ್ನೊಂದು ಉಳಿಯುತ್ತದೆ. ಇಲ್ಲವೇ ಡಾಬ್ಸೋನಿಯನ್, ಅಂದರೆ ನೆಲದ ಮೇಲಿನ ಪೆಟ್ಟಿಗೆಯಲ್ಲಿ ಕೂತು ತಿರುಗುವ ಕನ್ನಡಿ ಟೆಲಿಸ್ಕೋಪ್ ತೆಗೆದುಕೊಳ್ಳಿ. ಎಷ್ಟು ತಿರುಗಿತು ಅಂತ ಅಳೆದು ದಾರಿ ತೋರಿಸುವ ಎನ್‌ಕೋಡರ್ ಇದ್ದು, ಕೈಯಲ್ಲಿ ತಳ್ಳುವಂಥದ್ದಾದರೆ ಎಲೆಕ್ಟ್ರಾನಿಕ್ಸ್ ಸತ್ತರೂ ಮರದ ಪೆಟ್ಟಿಗೆ ಎಂದಿನಂತೆ ಸರಾಗವಾಗಿ ತಿರುಗುತ್ತದೆ. ಗೋ-ಟು ಹಳೆಯದೇ ಕೊಳ್ಳುವುದಾದರೆ ರಾತ್ರಿಯೇ ಹೋಗಿ. ಎರಡು ನಕ್ಷತ್ರ ಹಿಡಿಸಿ, ಆಮೇಲೆ ಮೂರನೆಯದು ಕೇಳಿ, ಸಿಕ್ಕ ಮೇಲೆ ಅರ್ಧ ಗಂಟೆ ಅಲ್ಲೇ ಕಾಯಿರಿ. ಐಪೀಸಿನಲ್ಲಿ ಅದು ಹಾಗೇ ನಿಂತಿರಬೇಕು. ಮೂಲ ಅಡಾಪ್ಟರ್ ಇಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ.

ಈಗಾಗಲೇ ಮನೆಯಲ್ಲಿ ಇದ್ದರೆ, ಇವತ್ತೇ ಮಲ್ಟಿಮೀಟರ್ ಹಿಡಿದು ಅಡಾಪ್ಟರ್ ತುದಿಯ ನಡುವಿನ ಪಿನ್ ಪ್ಲಸ್ಸಾ ಮೈನಸ್ಸಾ ನೋಡಿ, ಮೌಂಟಿನ ಮೇಲಿನ ಗುರುತಿಗೆ ಹೊಂದುತ್ತದೆ ಅಂತಾದರೆ ಆ ತುದಿಗೆ ಟೇಪ್ ಸುತ್ತಿಬಿಡಿ, ಮತ್ತೆ ಬಿಚ್ಚಲೇಬೇಡಿ.